14,000 ಕಿಲೋಮೀಟರ್ ದೂರ, 16 ಗಂಟೆಗಳ ಆಸನ: ದೀರ್ಘ ವಿಮಾನಯಾನ ಮತ್ತು ಹಿರಿಯರ ಆರೋಗ್ಯ

ಮಗಳ ಬಾಣಂತನಕ್ಕೆಂದೋ ಮೊಮ್ಮಗುವಿನ ನಾಮಕರಣಕ್ಕೆಂದೋ ಅಮೆರಿಕಕ್ಕೆ ಹೊರಡುವ ತಾಯಂದಿರು ಇಂದು ನಮ್ಮ ಹಳ್ಳಿಗಳಲ್ಲಿಯೂ ಅಪರೂಪವಲ್ಲ. ಹೊರಡುವ ಮುನ್ನ ಮಠಕ್ಕೆ ಬರುವ ಅವರು ಮಠದ ಚಿಕಿತ್ಸಾಲಯಕ್ಕೂ ಒಮ್ಮೆ ಬಂದು ಹೋಗುವುದುಂಟು. ಅವರು ನಮ್ಮನ್ನು ಕೇಳುವುದು ಸಾಮಾನ್ಯವಾಗಿ ಎರಡೇ ಪ್ರಶ್ನೆ. ಆ ಊರು ಎಷ್ಟು ದೂರ? ವಿಮಾನದಲ್ಲಿ ಎಷ್ಟು ಹೊತ್ತು ಕೂಡಬೇಕು?

ಕೆಲವು ವರ್ಷಗಳ ಹಿಂದೆ ಹೀಗೆಯೇ ಕೇಳಿದ ತಾಯಿಯೊಬ್ಬರಿಗೆ ನಾವು ಟಿಕೆಟ್ಟಿನಲ್ಲಿದ್ದ ಅಂಕಿಗಳನ್ನು ಓದಿ ಹೇಳಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಮರೆಯಬೇಡಿರೆಂದು ಎಚ್ಚರಿಸಿ ಕಳುಹಿಸಿಕೊಟ್ಟೆವು. ಅವರಿಗೆ ಆಗ ಅರವತ್ತೆರಡು ವರ್ಷ. ಪಕ್ಕದ ಆಸನಗಳಲ್ಲಿದ್ದವರು ನಿದ್ರಿಸುತ್ತಿದ್ದರೆಂಬ ಸಂಕೋಚದಿಂದ ಅವರು ಇಡೀ ಪ್ರಯಾಣದಲ್ಲಿ ಒಮ್ಮೆ ಮಾತ್ರ ಎದ್ದರು. ಮತ್ತೆ ಏಳಬೇಕಾಗುತ್ತದೆಂದು ನೀರನ್ನೂ ಹೆಚ್ಚು ಕುಡಿಯಲಿಲ್ಲ. ಊರು ಸೇರಿದ ಮೂರನೆಯ ದಿನ ಎಡಗಾಲಿನ ಮೀನಖಂಡ ಬಿಗಿದು ನೋಯತೊಡಗಿತು. ಪ್ರಯಾಣದ ಆಯಾಸವೆಂದು ಎಣ್ಣೆ ಹಚ್ಚಿ ತಿಕ್ಕಿಸಿಕೊಂಡರು. ಐದನೆಯ ದಿನ ಉಸಿರಾಡುವುದೇ ಕಷ್ಟವಾಯಿತು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದ ರಕ್ತದ ತುಣುಕು ಶ್ವಾಸಕೋಶವನ್ನು ಸೇರಿತ್ತು. ಮಗಳು ತಡಮಾಡದೆ ಆಸ್ಪತ್ರೆಗೆ ಕರೆದೊಯ್ದುದರಿಂದ ಆ ತಾಯಿ ಉಳಿದರು. ಬಾಣಂತನ ಮಾಡಲು ಹೋದವರಿಗೆ ಬಾಣಂತಿಯೇ ಆರೈಕೆ ಮಾಡಬೇಕಾಯಿತು.

ದೂರ ಎಷ್ಟು, ಸಮಯ ಎಷ್ಟು ಎಂಬ ಪ್ರಶ್ನೆಗೆ ನಾವು ಅಂದು ಕೊಟ್ಟ ಉತ್ತರ ತಪ್ಪಾಗಿರಲಿಲ್ಲ, ಅಪೂರ್ಣವಾಗಿತ್ತು. ಆ ದೂರ ಮತ್ತು ಆ ಸಮಯ ದೇಹದ ಮೇಲೆ ಏನು ಮಾಡುತ್ತವೆ ಎಂಬುದನ್ನು ಹೇಳದೆ ಬಿಟ್ಟಿದ್ದೆವು. ಆ ಕೊರತೆಯನ್ನು ಈ ಲೇಖನದಲ್ಲಿ ತುಂಬಲು ಯತ್ನಿಸಿದ್ದೇವೆ. ಉದಾಹರಣೆಗೆ ಬೆಂಗಳೂರಿನ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣಕ್ಕೆ ಇರುವ ಮಾರ್ಗವನ್ನು ತೆಗೆದುಕೊಂಡಿದ್ದೇವೆ. 2021ರ ಜನವರಿಯಲ್ಲಿ ಈ ಎರಡು ನಗರಗಳ ನಡುವೆ ಏರ್ ಇಂಡಿಯಾದ ವಿಮಾನವು ಮೊದಲ ಬಾರಿಗೆ ಎಲ್ಲಿಯೂ ಇಳಿಯದೆ ಹಾರಿತು. ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಬಂದ ಆ ವಿಮಾನವನ್ನು ನಡೆಸಿದವರೆಲ್ಲ ಮಹಿಳಾ ಪೈಲಟ್‌ಗಳು ಎಂಬುದು ಅಂದು ದೇಶವೇ ಸಂತಸಪಟ್ಟ ಸಂಗತಿ.

ದೂರವನ್ನು ಅಳೆಯುವ ಬಗೆ

ಗೋಡೆಯ ಮೇಲಿನ ಭೂಪಟವನ್ನು ನೋಡಿದರೆ ಬೆಂಗಳೂರಿನಿಂದ ಅಮೆರಿಕಕ್ಕೆ ನೇರವಾಗಿ ಅಡ್ಡಗೆರೆ ಎಳೆಯಬೇಕೆನಿಸುತ್ತದೆ. ಆದರೆ ಭೂಮಿ ಗೋಳಾಕಾರವಾಗಿದೆ, ಭೂಪಟ ಚಪ್ಪಟೆಯಾಗಿದೆ. ಗೋಳದ ಮೇಲೆ ಎರಡು ಸ್ಥಳಗಳ ನಡುವಿನ ಅತಿ ಹತ್ತಿರದ ದಾರಿಯು ಗೋಳದ ಕೇಂದ್ರವನ್ನೇ ತನ್ನ ಕೇಂದ್ರವಾಗಿ ಉಳ್ಳ ವೃತ್ತದ ಒಂದು ಭಾಗವಾಗಿರುತ್ತದೆ. ಇದನ್ನು ಮಹಾವೃತ್ತ ಎನ್ನುತ್ತಾರೆ. ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಎರಡು ಊರುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಹಿಡಿದು ನೋಡಬಹುದು. ದಾರ ತಾನಾಗಿಯೇ ಉತ್ತರಕ್ಕೆ ಸರಿಯುತ್ತದೆ.

ಲೆಕ್ಕವೂ ಕಠಿಣವಲ್ಲ. ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ. ಆದ್ದರಿಂದ ಮಹಾವೃತ್ತದ ಒಂದು ಡಿಗ್ರಿ ಎಂದರೆ ಸುಮಾರು 111 ಕಿ.ಮೀ. ಬೆಂಗಳೂರು ನಿಲ್ದಾಣ ಸುಮಾರು 13.2 ಡಿಗ್ರಿ ಉತ್ತರ ಅಕ್ಷಾಂಶ, 77.7 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣ 37.6 ಡಿಗ್ರಿ ಉತ್ತರ ಅಕ್ಷಾಂಶ, 122.4 ಡಿಗ್ರಿ ಪಶ್ಚಿಮ ರೇಖಾಂಶದಲ್ಲಿದೆ. ಭೂಮಿಯ ಕೇಂದ್ರದಿಂದ ನೋಡಿದಾಗ ಈ ಎರಡರ ನಡುವಿನ ಕೋನ ಸುಮಾರು 126 ಡಿಗ್ರಿ ಆಗುತ್ತದೆ. 126ನ್ನು 111ರಿಂದ ಗುಣಿಸಿದರೆ ಸುಮಾರು 14,000 ಕಿ.ಮೀ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಆಗಿರುವುದರಿಂದ, ಈ ಒಂದು ಪ್ರಯಾಣ ಭೂಮಿಯ ಮೂರನೆಯ ಒಂದು ಭಾಗವನ್ನೂ ಮೀರಿದ್ದು. ಈ ದಾರಿಯ ಅತ್ಯಂತ ಉತ್ತರದ ಬಿಂದು ಸುಮಾರು 71 ಡಿಗ್ರಿ ಅಕ್ಷಾಂಶದಲ್ಲಿ, ಅಂದರೆ ಆರ್ಕ್ಟಿಕ್ ವೃತ್ತಕ್ಕಿಂತಲೂ ಮೇಲೆ, ಸೈಬೀರಿಯಾದ ಹಿಮಭೂಮಿಯ ಬಳಿ ಬರುತ್ತದೆ.

ವಿಮಾನ ಎಂದೂ ಈ ಗೆರೆಯನ್ನೇ ಹಿಡಿದು ಹೋಗುವುದಿಲ್ಲ. ಗಾಳಿಯ ದಿಕ್ಕು, ಹವಾಮಾನ, ಮುಚ್ಚಿರುವ ವಾಯುಪ್ರದೇಶಗಳು, ತುರ್ತಾಗಿ ಇಳಿಯಬಹುದಾದ ನಿಲ್ದಾಣಗಳ ಲಭ್ಯತೆ ಇವುಗಳನ್ನು ನೋಡಿ ಅಂದಂದಿನ ದಾರಿಯನ್ನು ಗೊತ್ತುಮಾಡುತ್ತಾರೆ. ನಡುವೆ ಇಳಿದು ಹೋಗುವುದಾದರೆ ದೂರ ಇನ್ನೂ ಹೆಚ್ಚು. ಫ್ರಾಂಕ್‌ಫರ್ಟ್ ಮೂಲಕ ಹೋದರೆ ಮೊದಲ ಹಾರಾಟ ಸುಮಾರು 7,400 ಕಿ.ಮೀ., ಎರಡನೆಯದು ಸುಮಾರು 9,150 ಕಿ.ಮೀ., ಒಟ್ಟು ಸುಮಾರು 16,550 ಕಿ.ಮೀ. ಆಗುತ್ತದೆ.

ದೂರದಿಂದ ಸಮಯಕ್ಕೆ

ದೊಡ್ಡ ಜೆಟ್ ವಿಮಾನಗಳು ಎತ್ತರದಲ್ಲಿ ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ ಸಾಗುತ್ತವೆ. 14,000ವನ್ನು 900ರಿಂದ ಭಾಗಿಸಿದರೆ ಹದಿನೈದೂವರೆ ಗಂಟೆ. ಮೇಲೇರುವ, ಕೆಳಗಿಳಿಯುವ, ಓಡುದಾರಿಯಲ್ಲಿ ಸಾಗುವ ಹೊತ್ತನ್ನು ಸೇರಿಸಿದರೆ 16 ಗಂಟೆ ದಾಟುತ್ತದೆ. ಇದರ ಮೇಲೆ ಗಾಳಿಯ ಪ್ರಭಾವವಿದೆ. ಉತ್ತರ ಗೋಲಾರ್ಧದ ಮೇಲ್ಭಾಗದಲ್ಲಿ ಜೆಟ್ ಸ್ಟ್ರೀಮ್ ಎಂಬ ಪ್ರಬಲ ವಾಯುಪ್ರವಾಹ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಪೂರ್ವಾಭಿಮುಖವಾಗಿ ಹೋಗುವಾಗ ಅದು ಬೆನ್ನಿಗೆ ನಿಂತು ನೂಕುತ್ತದೆ, ಎದುರಾದಾಗ ತಡೆಯುತ್ತದೆ. ಆದ್ದರಿಂದಲೇ ಒಂದೇ ದೂರಕ್ಕೆ ಹೋಗುವ ಸಮಯವೂ ಬರುವ ಸಮಯವೂ ಬೇರೆಯಾಗಿರುತ್ತವೆ. ಈ ಮಾರ್ಗದಲ್ಲಿ ಒಮ್ಮೆ 16, ಇನ್ನೊಮ್ಮೆ ಹದಿನೇಳೂವರೆ ಗಂಟೆ ಆಗುವುದು ಸಹಜ.

ಆದರೆ ದೇಹದ ಲೆಕ್ಕ ವಿಮಾನದ ಬಾಗಿಲಲ್ಲಿ ಆರಂಭವಾಗುವುದಿಲ್ಲ. ದಾವಣಗೆರೆಯಿಂದ ಹೊರಟವರು ಕಾರಿನಲ್ಲಿ ಐದು ಗಂಟೆ ಕುಳಿತಿರುತ್ತಾರೆ. ನಿಲ್ದಾಣವನ್ನು ನಾಲ್ಕು ಗಂಟೆ ಮೊದಲೇ ಸೇರಬೇಕು. ವಿಮಾನದಲ್ಲಿ 16 ಗಂಟೆ, ಇಳಿದ ಮೇಲೆ ವಲಸೆ ತಪಾಸಣೆ ಮತ್ತು ಸಾಮಾನಿಗಾಗಿ ಎರಡು ಗಂಟೆ, ಮಗಳ ಮನೆಗೆ ಇನ್ನೊಂದು ಗಂಟೆ. ಒಟ್ಟು 28 ಗಂಟೆ. ಅದರಲ್ಲಿ 22 ಗಂಟೆ ಕಾಲು ಇಳಿಬಿಟ್ಟು ಕುಳಿತೇ ಕಳೆಯುವಂಥದ್ದು. ವೈದ್ಯರು ಗಮನಿಸಬೇಕಾದ ಪ್ರಯಾಣದ ಅವಧಿ ಇದು.

ಗಡಿಯಾರದ ಹೊತ್ತು, ದೇಹದ ಹೊತ್ತು

ಕ್ಯಾಲಿಫೋರ್ನಿಯಾದ ಗಡಿಯಾರ ಚಳಿಗಾಲದಲ್ಲಿ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಮಾರ್ಚ್ ತಿಂಗಳ ಎರಡನೆಯ ಭಾನುವಾರದಿಂದ ನವೆಂಬರ್ ತಿಂಗಳ ಮೊದಲ ಭಾನುವಾರದವರೆಗೆ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಅಂತರ ಹನ್ನೆರಡೂವರೆ ಗಂಟೆಗೆ ಇಳಿಯುತ್ತದೆ.

ಜನವರಿಯ ಒಂದು ಸೋಮವಾರ ಮಧ್ಯಾಹ್ನ 2 ಗಂಟೆಗೆ ಬೆಂಗಳೂರು ಬಿಟ್ಟ ವಿಮಾನ 16 ಗಂಟೆ ಹಾರಿದರೆ, ಇಳಿಯುವಾಗ ನಮ್ಮಲ್ಲಿ ಮಂಗಳವಾರ ಬೆಳಿಗ್ಗೆ 6 ಗಂಟೆ, ಅಲ್ಲಿ ಅದೇ ಸೋಮವಾರ ಸಂಜೆ ನಾಲ್ಕೂವರೆ ಗಂಟೆ. ಟಿಕೆಟ್ಟಿನ ಹೊರಡುವ ಹೊತ್ತನ್ನೂ ತಲುಪುವ ಹೊತ್ತನ್ನೂ ಮಾತ್ರ ನೋಡಿದವರಿಗೆ ಎರಡೂವರೆ ಗಂಟೆಯ ಪ್ರಯಾಣದಂತೆ ತೋರುತ್ತದೆ. ಹಿಂದಿರುಗುವಾಗ ಇದಕ್ಕೆ ವಿರುದ್ಧ. ಸೋಮವಾರ ರಾತ್ರಿ 8ಕ್ಕೆ ಹೊರಟು ಹದಿನೇಳೂವರೆ ಗಂಟೆ ಹಾರಿದರೆ ಬೆಂಗಳೂರಿನಲ್ಲಿ ಇಳಿಯುವುದು ಬುಧವಾರ ಬೆಳಗಿನ ಜಾವ 3 ಗಂಟೆಗೆ. ಮಂಗಳವಾರದ ಬಹುಭಾಗ ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ.

ಇದು ಕೇವಲ ಕುತೂಹಲದ ವಿಷಯವಲ್ಲ. ಹೋಗುವಾಗಿನ ಆ ಸೋಮವಾರ ಪ್ರಯಾಣಿಕರ ಪಾಲಿಗೆ 24 ಗಂಟೆಯದಲ್ಲ, ಮೂವತ್ತೇಳೂವರೆ ಗಂಟೆಯದು. ಸೋಮವಾರ ಒಪ್ಪತ್ತು ಇರುವವರು, ನಿರಾಹಾರ ವ್ರತ ಹಿಡಿದವರು ತಾರೀಖನ್ನು ನಂಬಿ ದಿನ ಮುಗಿಯಲೆಂದು ಕಾದರೆ ಒಂದೂವರೆ ದಿನ ಹಸಿದಿರಬೇಕಾಗುತ್ತದೆ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗಿ ಅಥವಾ ಇನ್ಸುಲಿನ್ ಚುಚ್ಚಿಕೊಂಡು ಹೀಗೆ ಹಸಿದಿರುವವರ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಬೆವರು, ನಡುಕ, ತಲೆಸುತ್ತು, ಮಾತು ತೊದಲುವುದು ಇದರ ಲಕ್ಷಣಗಳು. ನಿದ್ರೆಯಲ್ಲಿದ್ದಾರೆಂದು ಅಕ್ಕಪಕ್ಕದವರು ಸುಮ್ಮನಿರುವುದೂ ಉಂಟು. ಪ್ರಯಾಣದ ದಿನ ಉಪವಾಸ ಬೇಡ. ಅದನ್ನು ಊರು ಸೇರಿದ ಮೇಲಿನ ಸೋಮವಾರಕ್ಕೆ ಇಟ್ಟುಕೊಳ್ಳುವುದು ಉಚಿತ.

ಔಷಧಗಳಿಗೂ ಇದೇ ನಿಯಮ. ಮಾತ್ರೆಯ ಕೆಲಸ ತಾರೀಖನ್ನಲ್ಲ, ಹಿಂದಿನ ಮಾತ್ರೆಯಿಂದ ಕಳೆದ ಗಂಟೆಗಳನ್ನು ಅವಲಂಬಿಸಿದೆ. ಒಂದು ಕೈಗಡಿಯಾರವನ್ನು ಮನೆ ಸೇರುವವರೆಗೂ ಬೆಂಗಳೂರಿನ ಸಮಯದಲ್ಲೇ ಇರಿಸಿಕೊಳ್ಳಬೇಕು. ದಿನಕ್ಕೊಮ್ಮೆ ಬೆಳಿಗ್ಗೆ 8ಕ್ಕೆ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರಿಗೆ ಚಳಿಗಾಲದಲ್ಲಿ ಆ ಹೊತ್ತು ಅಲ್ಲಿ ಹಿಂದಿನ ದಿನದ ಸಂಜೆ ಆರೂವರೆ ಆಗುತ್ತದೆ. ಮೊದಲ ದಿನ ಅದೇ ಹೊತ್ತಿಗೆ ತೆಗೆದುಕೊಂಡು, ಮುಂದೆ ಬೆಳಗಿನ ಹೊತ್ತಿಗೆ ಹೇಗೆ ಬದಲಾಯಿಸಬೇಕೆಂಬುದನ್ನು ವೈದ್ಯರಿಂದ ಮೊದಲೇ ಬರೆಸಿಕೊಂಡಿರಬೇಕು. ಇನ್ಸುಲಿನ್ ಪ್ರಮಾಣವನ್ನಂತೂ ಯಾರೂ ಸ್ವಂತ ಊಹೆಯಿಂದ ಬದಲಿಸಬಾರದು. ಹೊರಡುವುದಕ್ಕೆ ನಾಲ್ಕು ವಾರ ಮೊದಲೇ ಟಿಕೆಟ್ಟನ್ನು ವೈದ್ಯರ ಮುಂದಿಟ್ಟು ಗಂಟೆವಾರು ಪಟ್ಟಿ ಮಾಡಿಸಿಕೊಳ್ಳುವುದು ಒಳಿತು. ಇನ್ಸುಲಿನ್ ಮತ್ತು ಎಲ್ಲ ಔಷಧಗಳು ಕೈಚೀಲದಲ್ಲಿಯೇ ಇರಬೇಕು. ಕೆಳಗಿನ ಸಾಮಾನು ಕೋಣೆಯ ಚಳಿಯಲ್ಲಿ ಇನ್ಸುಲಿನ್ ಹೆಪ್ಪುಗಟ್ಟಿ ಕೆಡಬಹುದು, ಪೆಟ್ಟಿಗೆ ದಾರಿ ತಪ್ಪಲೂಬಹುದು.

ಕುಳಿತ ಕಾಲಿನೊಳಗೆ ನಡೆಯುವುದು

ಹೃದಯ ರಕ್ತವನ್ನು ಕಾಲಿನವರೆಗೆ ತಳ್ಳುತ್ತದೆ. ಆದರೆ ಅದು ಮೇಲಕ್ಕೆ ಮರಳಲು ಮೀನಖಂಡದ ಸ್ನಾಯುಗಳ ನೆರವು ಬೇಕು. ನಡೆಯುವಾಗ ಈ ಸ್ನಾಯುಗಳು ಬಿಗಿದು ಸಡಿಲವಾಗುತ್ತ ಆಳದ ಅಭಿಧಮನಿಗಳನ್ನು ಹಿಂಡುತ್ತವೆ. ಅಭಿಧಮನಿಯೊಳಗಿನ ಕವಾಟಗಳು ರಕ್ತ ಕೆಳಗೆ ಜಾರದಂತೆ ತಡೆಯುತ್ತವೆ. ಮೀನಖಂಡವನ್ನು ಎರಡನೆಯ ಹೃದಯವೆಂದು ಕರೆಯುವುದು ಇದಕ್ಕಾಗಿಯೇ.

ಗಂಟೆಗಟ್ಟಲೆ ಕುಳಿತಾಗ ಈ ಎರಡನೆಯ ಹೃದಯ ನಿಂತಂತಾಗುತ್ತದೆ. ಆಸನದ ಅಂಚು ಮಂಡಿಯ ಹಿಂಭಾಗದ ಅಭಿಧಮನಿಯನ್ನು ಒತ್ತುತ್ತದೆ, ರಕ್ತದ ಹರಿವು ಮಂದವಾಗುತ್ತದೆ. ರಕ್ತ ನಾಳದೊಳಗೆ ಹೆಪ್ಪುಗಟ್ಟಲು ಮೂರು ಕಾರಣಗಳನ್ನು ವೈದ್ಯಶಾಸ್ತ್ರ ಹೇಳುತ್ತದೆ. ಹರಿವು ನಿಧಾನವಾಗುವುದು, ನಾಳದ ಒಳಗೋಡೆಗೆ ಪೆಟ್ಟಾಗುವುದು, ರಕ್ತದಲ್ಲಿಯೇ ಹೆಪ್ಪುಗಟ್ಟುವ ಗುಣ ಹೆಚ್ಚಿರುವುದು. ಹತ್ತೊಂಬತ್ತನೆಯ ಶತಮಾನದ ಜರ್ಮನ್ ವೈದ್ಯ ರುಡಾಲ್ಫ್ ವಿರ್ಖೋವ್ ಅವರ ಹೆಸರಿನಿಂದ ಈ ತ್ರಿಕಾರಣಗಳು ಪ್ರಸಿದ್ಧವಾಗಿವೆ. ದೀರ್ಘ ಪ್ರಯಾಣ ಮೊದಲನೆಯ ಕಾರಣವನ್ನು ತಾನೇ ಒದಗಿಸುತ್ತದೆ, ಉಳಿದವುಗಳನ್ನು ನಮ್ಮ ವಯಸ್ಸು ಮತ್ತು ಕಾಯಿಲೆಗಳು ಒದಗಿಸಬಹುದು. ಹೀಗೆ ಆಳದ ಅಭಿಧಮನಿಯಲ್ಲಿ ಹೆಪ್ಪುಗಟ್ಟುವುದನ್ನು ಆಸ್ಪತ್ರೆಗಳಲ್ಲಿ ಡಿವಿಟಿ ಎನ್ನುತ್ತಾರೆ. ಆ ಹೆಪ್ಪಿನ ತುಣುಕು ಕಳಚಿ ಶ್ವಾಸಕೋಶವನ್ನು ಸೇರಿದರೆ ಪ್ರಾಣಾಪಾಯ.

ಓದುಗರು ಇದನ್ನು ಕಂಡು ಹೆದರಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಾಲ್ಕು ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಕುಳಿತು ಪ್ರಯಾಣ ಮಾಡಿದಾಗ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಆದರೂ ಆರೋಗ್ಯವಂತರಲ್ಲಿ ಅದು ಸುಮಾರು 6,000 ಜನರಲ್ಲಿ ಒಬ್ಬರಿಗೆ ಬರುವಂಥದ್ದು. ವಿಮಾನಕ್ಕೆ ಮಾತ್ರವಲ್ಲ, ಬಸ್ಸು, ರೈಲು, ಕಾರುಗಳಿಗೂ ಈ ಮಾತು ಅನ್ವಯಿಸುತ್ತದೆ. ಹಿಂದೆ ಒಮ್ಮೆ ಹೆಪ್ಪುಗಟ್ಟಿದ್ದವರು, ಇತ್ತೀಚೆಗೆ ಮಂಡಿ ಅಥವಾ ಸೊಂಟದ ಶಸ್ತ್ರಚಿಕಿತ್ಸೆಯಾದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಗರ್ಭಿಣಿಯರು, ಹೆರಿಗೆಯಾಗಿ ಆರು ವಾರ ಕಳೆಯದವರು, ಈಸ್ಟ್ರೋಜನ್ ಇರುವ ಮಾತ್ರೆಗಳನ್ನು ಸೇವಿಸುವವರು ಮತ್ತು ಅತಿ ಸ್ಥೂಲಕಾಯದವರಲ್ಲಿ ಅಪಾಯ ಇನ್ನೂ ಹೆಚ್ಚು. ಇವರು ಮೊದಲೇ ವೈದ್ಯರನ್ನು ಕಾಣಬೇಕು. ಮಂಡಿಯವರೆಗಿನ ಒತ್ತುಕಾಲುಚೀಲಗಳು ಇಂಥವರಿಗೆ ಉಪಯುಕ್ತ. ಆದರೆ ಕಾಲಿನ ರಕ್ತಸಂಚಾರ ಈಗಾಗಲೇ ಕುಗ್ಗಿರುವ ಸಕ್ಕರೆ ರೋಗಿಗಳಿಗೆ ಅವೇ ಹಾನಿ ಮಾಡಬಹುದಾದ್ದರಿಂದ, ವೈದ್ಯರು ಅಳತೆ ನೋಡಿ ಹೇಳಿದ ಮೇಲೆಯೇ ಧರಿಸಬೇಕು. ಇದಕ್ಕಾಗಿಯೇ ಆಸ್ಪಿರಿನ್ ನುಂಗುವ ರೂಢಿ ಕೆಲವರಲ್ಲಿದೆ. ವೈದ್ಯರು ಹೇಳದೆ ಅದು ಸಲ್ಲದು.

ತೆಳು ಗಾಳಿ, ಒಣ ಗಾಳಿ

ವಿಮಾನ ಹತ್ತು ಕಿಲೋಮೀಟರಿಗೂ ಮೇಲೆ ಹಾರುತ್ತದೆ. ಅಲ್ಲಿನ ಗಾಳಿಯಲ್ಲಿ ಮನುಷ್ಯ ಬದುಕಲಾರ. ಆದ್ದರಿಂದ ಒಳಗಿನ ಗಾಳಿಯ ಒತ್ತಡವನ್ನು ಯಂತ್ರಗಳಿಂದ ಹೆಚ್ಚಿಸಿರುತ್ತಾರೆ. ಆದರೂ ಅದು ನೆಲದ ಮೇಲಿನಷ್ಟೇ ಇರುವುದಿಲ್ಲ. ಸಾಮಾನ್ಯವಾಗಿ 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿನ ಒತ್ತಡಕ್ಕೆ ಅದು ಸಮ. ನಮ್ಮ ರಾಜ್ಯದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್, ಊಟಿ ಸುಮಾರು 2,240 ಮೀಟರ್ ಎತ್ತರದಲ್ಲಿವೆ. ಅಂದರೆ 16 ಗಂಟೆಯ ಹಾರಾಟವೆಂದರೆ ಮುಳ್ಳಯ್ಯನಗಿರಿಯ ನೆತ್ತಿಯ ಮೇಲೆ ಅಥವಾ ಊಟಿಯಲ್ಲಿ ಅಷ್ಟು ಹೊತ್ತು ಕುಳಿತಿದ್ದಂತೆ. ಆರೋಗ್ಯವಂತರಿಗೆ ಇದರ ಅರಿವೂ ಆಗುವುದಿಲ್ಲ. ಮನೆಯ ಮೆಟ್ಟಿಲು ಹತ್ತುವಾಗಲೇ ಏದುಸಿರು ಬಿಡುವ ಹೃದ್ರೋಗಿಗಳಿಗೆ, ಶ್ವಾಸಕೋಶದ ಹಳೆಯ ಕಾಯಿಲೆಯವರಿಗೆ, ತೀವ್ರ ರಕ್ತಹೀನತೆಯುಳ್ಳವರಿಗೆ ಆಮ್ಲಜನಕದ ಈ ಅಲ್ಪ ಕೊರತೆಯೂ ಭಾರವಾದೀತು.

ಒತ್ತಡ ತಗ್ಗಿದಾಗ ದೇಹದೊಳಗಿನ ಅನಿಲಗಳು ಹಿಗ್ಗುತ್ತವೆ. ಹೊಟ್ಟೆ ಉಬ್ಬರಿಸುವುದು, ಕಿವಿ ಕಟ್ಟಿದಂತಾಗುವುದು ಇದರಿಂದಲೇ. ಹಿಂದಿನ ದಿನ ಹುರುಳಿ, ಕಡಲೆ, ಎಲೆಕೋಸುಗಳಂಥ ವಾಯುಕಾರಕ ಆಹಾರವನ್ನು ಕಡಿಮೆ ಮಾಡುವುದು ಹಿತ. ಇಳಿಯುವಾಗ ಎಂಜಲು ನುಂಗುತ್ತ, ಪೆಪ್ಪರಮೆಂಟು ಚೀಪುತ್ತ ಇದ್ದರೆ ಕಿವಿ ಬಿಡುತ್ತದೆ. ಹಸುಳೆಗಳಿಗೆ ಆಗ ಹಾಲು ಕುಡಿಸಬೇಕು. ರೆಟಿನಾ ಶಸ್ತ್ರಚಿಕಿತ್ಸೆಯಲ್ಲಿ ಕಣ್ಣಿನೊಳಗೆ ಅನಿಲ ತುಂಬಿಸಿಕೊಂಡವರು ಅದು ಪೂರ್ಣವಾಗಿ ಕರಗಿತೆಂದು ವೈದ್ಯರು ಹೇಳುವವರೆಗೂ ವಿಮಾನ ಹತ್ತಲೇಬಾರದು. ಹಿಗ್ಗಿದ ಅನಿಲ ದೃಷ್ಟಿಯನ್ನೇ ಕಸಿದುಕೊಳ್ಳಬಹುದು.

ವಿಮಾನದೊಳಗಿನ ತೇವಾಂಶ ಸಾಮಾನ್ಯವಾಗಿ ಶೇ. 20ಕ್ಕಿಂತ ಕಡಿಮೆ. ಗಂಟಲು, ಕಣ್ಣು, ಚರ್ಮ ಒಣಗುತ್ತವೆ. ಆಗಾಗ ಎರಡು ಗುಟುಕು ನೀರು ಇದಕ್ಕೆ ಸಾಕಾದ ಪರಿಹಾರ. ಶೌಚಾಲಯಕ್ಕೆ ಏಳಬೇಕಾಗುತ್ತದೆಂದು ನೀರು ಬಿಡುವ ಹಿರಿಯರಿಗೆ ನಾವು ಹೇಳುವುದಿಷ್ಟು. ಏಳಬೇಕಾಗುವುದೇ ನಿಮಗೆ ಲಾಭ. ಎದ್ದಷ್ಟೂ ಕಾಲಿಗೆ ಒಳಿತು.

ಊಟದ ಬಗ್ಗೆ ಒಂದು ಎಚ್ಚರ

ಶಾಕಾಹಾರಿಗಳು ಟಿಕೆಟ್ ಕಾಯ್ದಿರಿಸುವಾಗ 'ಹಿಂದೂ ಮೀಲ್' ಎಂಬ ಹೆಸರನ್ನು ಕಂಡು ಅದೇ ತಮಗೆ ತಕ್ಕುದೆಂದು ಆರಿಸುವುದುಂಟು. ವಿಮಾನ ಸಂಸ್ಥೆಗಳ ಪರಿಭಾಷೆಯಲ್ಲಿ ಅದು ಸಾಮಾನ್ಯವಾಗಿ ಗೋಮಾಂಸವಿಲ್ಲದ ಮಾಂಸಾಹಾರ. ನಾವು ಕೇಳಬೇಕಾದದ್ದು 'ಏಷ್ಯನ್ ವೆಜಿಟೇರಿಯನ್ ಮೀಲ್'. ಇದನ್ನು ಕನಿಷ್ಠ ಎರಡು ದಿನ ಮೊದಲೇ ತಿಳಿಸಿರಬೇಕು. ತಟ್ಟೆ ಬಂದಾಗ ಅನುಮಾನದಿಂದ ಮುಟ್ಟದೆ ಹಸಿದಿದ್ದ ಹಿರಿಯರನ್ನು ನಾವು ಬಲ್ಲೆವು. ಚಪಾತಿ, ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಗಳನ್ನು ಕೈಚೀಲದಲ್ಲಿ ಇಟ್ಟುಕೊಂಡರೆ ಆ ತೊಂದರೆ ಇಲ್ಲ. ಹಣ್ಣುಗಳನ್ನು ಮಾತ್ರ ವಿಮಾನದಲ್ಲೇ ಮುಗಿಸಬೇಕು. ಅಮೆರಿಕದ ಸುಂಕದ ಕಟ್ಟೆಯಲ್ಲಿ ಜೊತೆಗಿರುವ ಎಲ್ಲ ಆಹಾರ ಪದಾರ್ಥಗಳನ್ನೂ ತಿಳಿಸಬೇಕಾಗುತ್ತದೆ, ತಾಜಾ ಹಣ್ಣು ಒಯ್ಯಲು ಸಾಮಾನ್ಯವಾಗಿ ಬಿಡುವುದಿಲ್ಲ.

16 ಗಂಟೆಗಳನ್ನು ಕಳೆಯುವ ಕ್ರಮ

ಆಸನ ಕಾಯ್ದಿರಿಸುವಾಗ ನಡೆದಾಡುವ ಹಾದಿಯ ಪಕ್ಕದ ಆಸನವನ್ನೇ ಕೇಳಬೇಕು. ಕಿಟಕಿಯ ನೋಟಕ್ಕಿಂತ ಏಳುವ ಅನುಕೂಲ ಮುಖ್ಯ. ನಡೆಯಲು ಕಷ್ಟಪಡುವವರು ಗಾಲಿಕುರ್ಚಿಯ ನೆರವನ್ನು ಮೊದಲೇ ಕೋರಬೇಕು.

ಸಡಿಲವಾದ ಹತ್ತಿಯ ಉಡುಪು ಧರಿಸಬೇಕು. ಸೀರೆಯ ಲಂಗದ ಲಾಡಿಯನ್ನೂ ಪಂಚೆಯ ಸೊಂಟಪಟ್ಟಿಯನ್ನೂ ಬಿಗಿಯಾಗಿ ಕಟ್ಟಬಾರದು. ಕಾಲಬಳಿಯ ಜಾಗದಲ್ಲಿ ಚೀಲ ತುರುಕಬಾರದು, ಅಲ್ಲಿ ಕಾಲು ಚಾಚಲು ಎಡೆಯಿರಬೇಕು.

ಎಚ್ಚರವಿರುವಾಗ ಅರ್ಧ ಗಂಟೆಗೊಮ್ಮೆ ಕುಳಿತಲ್ಲೇ ಪಾದದ ವ್ಯಾಯಾಮ ಮಾಡಬೇಕು. ಹಿಮ್ಮಡಿಯನ್ನು ನೆಲಕ್ಕೂರಿ ಬೆರಳುಗಳನ್ನು ಮೇಲೆತ್ತುವುದು, ಬೆರಳುಗಳನ್ನೂರಿ ಹಿಮ್ಮಡಿಯನ್ನು ಎತ್ತುವುದು. ಹೀಗೆ ಇಪ್ಪತ್ತು ಬಾರಿ. ಬಳಿಕ ಪಾದಗಳನ್ನು ಎರಡೂ ದಿಕ್ಕಿನಲ್ಲಿ ಹತ್ತು ಹತ್ತು ಬಾರಿ ತಿರುಗಿಸಬೇಕು. ಒಂದು ಕಾಲಿನ ಮೇಲೆ ಇನ್ನೊಂದನ್ನು ಹಾಕಿ ಕೂಡಬಾರದು.

ಆಸನಪಟ್ಟಿಯ ದೀಪ ಆರಿರುವಾಗ ಎರಡು ಗಂಟೆಗೊಮ್ಮೆ ಎದ್ದು ಹಾದಿಯಲ್ಲಿ ಐದು ನಿಮಿಷ ನಡೆಯಬೇಕು. 16 ಗಂಟೆಯಲ್ಲಿ ಮಲಗುವ ಹೊತ್ತನ್ನು ಕಳೆದರೂ ಐದಾರು ಬಾರಿಯಾದರೂ ಏಳಲು ಸಾಧ್ಯ. ಪಕ್ಕದವರು ನಿದ್ರಿಸುತ್ತಿದ್ದರೆ ಸಂಕೋಚವಿಲ್ಲದೆ ಎಬ್ಬಿಸಬೇಕು. ಅವರಿಗೆ ಎರಡು ನಿಮಿಷದ ನಿದ್ರೆ ಕೆಡಬಹುದು, ನಿಮಗೆ ಉಸಿರಿನ ಪ್ರಶ್ನೆ. ಇಂಗ್ಲಿಷ್ ಬಾರದವರಿಗೆ ಮಕ್ಕಳು ನೀರು, ಶೌಚಾಲಯ, ಮಾತ್ರೆ, ನೋವು ಇವುಗಳಿಗೆ ಬೇಕಾದ ವಾಕ್ಯಗಳನ್ನು ಕನ್ನಡ ಮತ್ತು ಇಂಗ್ಲಿಷಿನಲ್ಲಿ ಒಂದು ಚೀಟಿಯಲ್ಲಿ ಬರೆದುಕೊಡಬೇಕು. ಅದೇ ಚೀಟಿಯಲ್ಲಿ ಕಾಯಿಲೆಗಳ ಹೆಸರು, ಔಷಧಗಳ ಮೂಲ ಹೆಸರು ಮತ್ತು ಪ್ರಮಾಣ ಇರಲಿ.

ನಿದ್ರೆಯ ಮಾತ್ರೆ ನುಂಗಿ ಗಂಟೆಗಟ್ಟಲೆ ಅಲುಗಾಡದೆ ಮಲಗುವುದು ಒಳ್ಳೆಯದಲ್ಲ. ಚಹಾ, ಕಾಫಿ ಮಿತವಾಗಿರಲಿ.

ನಡುವೆ ಒಮ್ಮೆ ಇಳಿದು ಹೋಗುವುದು ಒಳ್ಳೆಯದೋ, ನೇರ ಹಾರಾಟ ಒಳ್ಳೆಯದೋ ಎಂದು ಹಲವರು ಕೇಳುತ್ತಾರೆ. ಇದಕ್ಕೆ ಎಲ್ಲರಿಗೂ ಒಪ್ಪುವ ಒಂದೇ ಉತ್ತರವಿಲ್ಲ. ಇಳಿದಾಗ ಕಾಲಿಗೆ ನಡಿಗೆ ಸಿಗುತ್ತದೆ, ಆದರೆ ಒಟ್ಟು ಪ್ರಯಾಣ ಆರೆಂಟು ಗಂಟೆಯಾದರೂ ಬೆಳೆಯುತ್ತದೆ. ಗಟ್ಟಿಮುಟ್ಟಾಗಿ ನಡೆಯಬಲ್ಲ, ಜೊತೆಗಾರರಿರುವ ಹಿರಿಯರಿಗೆ ನಡುವಿನ ವಿರಾಮ ಹಿತವಾಗಬಹುದು. ಮಂಡಿನೋವಿರುವ, ಭಾಷೆ ಬಾರದ, ಒಂಟಿಯಾಗಿ ಹೋಗುವ ಹಿರಿಯರಿಗೆ ಅಪರಿಚಿತ ನಿಲ್ದಾಣದಲ್ಲಿ ವಿಮಾನ ಬದಲಿಸುವ ಆತಂಕಕ್ಕಿಂತ ನೇರ ಹಾರಾಟವೇ ಲೇಸು.

ಇಳಿದ ಮೇಲೆ

ಮೆದುಳಿನ ಆಳದಲ್ಲಿ, ಕಣ್ಣಿನ ನರಗಳು ಹಾದುಹೋಗುವ ಜಾಗದ ಮೇಲೆ, ಒಂದು ಚಿಕ್ಕ ನರಕೋಶಗಳ ಗುಂಪಿದೆ. ನಿದ್ರೆ, ಹಸಿವು, ದೇಹದ ಉಷ್ಣ ಇವುಗಳ ದಿನಚರಿಯನ್ನು ನಡೆಸುವ ಗಡಿಯಾರ ಇದೇ. ಇಂಥ ಜೈವಿಕ ಗಡಿಯಾರ ಜೀವಕೋಶದೊಳಗೆ ಹೇಗೆ ನಡೆಯುತ್ತದೆಂಬುದನ್ನು ಕಂಡುಹಿಡಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬ್ಯಾಶ್, ಮೈಕೆಲ್ ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ 2017ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಬಂದಿತು. ವಿಮಾನ ದೇಹವನ್ನು 16 ಗಂಟೆಯಲ್ಲಿ ಒಯ್ಯಬಲ್ಲದು, ಈ ಗಡಿಯಾರವನ್ನು ಒಯ್ಯಲಾರದು. ಅದು ದಿನಕ್ಕೆ ಒಂದು, ಒಂದೂವರೆ ಗಂಟೆಯಷ್ಟು ಮಾತ್ರ ಸರಿಯುತ್ತದೆ. ಹನ್ನೆರಡು ಹದಿಮೂರು ಗಂಟೆಯ ಅಂತರಕ್ಕೆ ಒಗ್ಗಿಕೊಳ್ಳಲು ಒಂದು ವಾರದಿಂದ ಹತ್ತು ಹನ್ನೆರಡು ದಿನ ಬೇಕಾಗುವುದು ಸ್ವಾಭಾವಿಕ.

ಈ ಗಡಿಯಾರವನ್ನು ತಿದ್ದುವ ಕೀಲಿ ಬೆಳಕು. ಅಲ್ಲಿನ ಹಗಲಿನಲ್ಲಿ ಹೊರಗಿನ ಬೆಳಕಿನಲ್ಲಿ ನಡೆಯಬೇಕು, ರಾತ್ರಿ ಕೋಣೆಯನ್ನು ಕತ್ತಲಾಗಿಸಬೇಕು, ಊಟವನ್ನು ಅಲ್ಲಿನ ಹೊತ್ತಿಗೆ ಹೊಂದಿಸಿಕೊಳ್ಳಬೇಕು. ಹಗಲು ನಿದ್ರೆ ತಡೆಯಲಾಗದಿದ್ದರೆ ಅರ್ಧ ಗಂಟೆಗೆ ಮೀರಬಾರದು. ಮೊದಲ ವಾರ ನಡುರಾತ್ರಿ ಎಚ್ಚರವಾದಾಗ ಹೊಸ ಮನೆಯ ಮೆಟ್ಟಿಲುಗಳಲ್ಲಿ ಜಾರಿ ಬೀಳುವ ಭಯವಿದೆ, ಒಂದು ಸಣ್ಣ ದೀಪ ಉರಿಯುತ್ತಿರಲಿ. ಆ ದಿನಗಳಲ್ಲಿ ಹಸುಗೂಸಿನ ಇಡೀ ರಾತ್ರಿಯ ಹೊಣೆಯನ್ನು ಅಜ್ಜಿಯೊಬ್ಬರ ಮೇಲೆಯೇ ಹೊರಿಸದಿರುವುದು ಮಗುವಿಗೂ ಅಜ್ಜಿಗೂ ಕ್ಷೇಮ.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಹೆಪ್ಪುಗಟ್ಟುವ ಅಪಾಯ ವಿಮಾನ ಇಳಿದ ಕೂಡಲೇ ಮುಗಿಯುವುದಿಲ್ಲ, ಸುಮಾರು ನಾಲ್ಕು ವಾರ ಇರುತ್ತದೆ. ಎರಡೂ ಪಾದ ಸ್ವಲ್ಪ ಊದಿಕೊಂಡು ಒಂದೆರಡು ದಿನದಲ್ಲಿ ಇಳಿದರೆ ಚಿಂತೆಯಿಲ್ಲ. ಒಂದೇ ಕಾಲು ಊದುವುದು, ಮೀನಖಂಡ ಬಿಗಿದು ನೋಯುವುದು, ಮುಟ್ಟಿದರೆ ಬಿಸಿಯಾಗಿರುವುದು, ಬಣ್ಣ ಕೆಂಪಾಗುವುದು ಇವು ಕಂಡರೆ ಅದೇ ದಿನ ವೈದ್ಯರಲ್ಲಿಗೆ ಹೋಗಬೇಕು. ಆ ಕಾಲನ್ನು ಎಣ್ಣೆ ಹಚ್ಚಿ ತಿಕ್ಕಬಾರದು, ಹೆಪ್ಪು ಕಳಚಿಕೊಳ್ಳಬಹುದು. ಇದ್ದಕ್ಕಿದ್ದಂತೆ ಏದುಸಿರು, ಉಸಿರೆಳೆದಾಗ ಎದೆನೋವು, ಕೆಮ್ಮಿನಲ್ಲಿ ರಕ್ತ, ಕಣ್ಣುಕತ್ತಲೆ ಬಂದರೆ ಅಮೆರಿಕದಲ್ಲಿ 911ಕ್ಕೆ, ನಮ್ಮಲ್ಲಿ 108ಕ್ಕೆ ಕೂಡಲೇ ಕರೆ ಮಾಡಬೇಕು. ವೈದ್ಯರಿಗೆ ಮೊದಲು ಹೇಳಬೇಕಾದ ಮಾತು, ಇಂಥ ದಿನ ಇಷ್ಟು ಗಂಟೆ ವಿಮಾನದಲ್ಲಿ ಕುಳಿತು ಬಂದಿದ್ದೇನೆ ಎಂಬುದು.

ಅಲ್ಲಿನ ಆಸ್ಪತ್ರೆಯ ವೆಚ್ಚಕ್ಕೆ ಅಂಜಿ ನೋವನ್ನು ಮುಚ್ಚಿಡುವ ಹಿರಿಯರೇ ಹೆಚ್ಚು. ನಮ್ಮಿಂದ ಮಕ್ಕಳಿಗೆ ಹೊರೆಯಾಗಬಾರದೆಂಬ ಅವರ ಭಾವನೆ ದೊಡ್ಡದು, ಅದರ ಪರಿಣಾಮ ಮಾತ್ರ ಘೋರ. ಹಳೆಯ ಕಾಯಿಲೆಗಳನ್ನೂ ಒಳಗೊಂಡ ಪ್ರಯಾಣ ವಿಮೆಯನ್ನು ಮಕ್ಕಳು ಟಿಕೆಟ್ಟಿನ ಜೊತೆಗೇ ಮಾಡಿಸಿ, ಮಾಡಿಸಿರುವ ವಿಷಯವನ್ನು ತಂದೆ ತಾಯಿಗೆ ಬಿಡಿಸಿ ಹೇಳಬೇಕು. ಆಗ ಅವರು ನೋವನ್ನು ಬಾಯಿಬಿಟ್ಟು ಹೇಳುತ್ತಾರೆ.

ನಾವು ಆರಂಭದಲ್ಲಿ ಹೇಳಿದ ತಾಯಿ ಹಲವು ತಿಂಗಳು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತೆಗೆದುಕೊಂಡು ಗುಣವಾಗಿ, ವೈದ್ಯರ ಒಪ್ಪಿಗೆ ಪಡೆದು ಊರಿಗೆ ಮರಳಿದರು. ಬರುವಾಗ ಹಾದಿಯ ಪಕ್ಕದ ಆಸನ ಕೇಳಿ ಪಡೆದು, ಏಳು ಬಾರಿ ಎದ್ದು ನಡೆದೆನೆಂದು ನಮ್ಮ ಮುಂದೆ ಬೆರಳು ಮಡಿಚಿ ಎಣಿಸಿದರು. ಈಗ ಯಾರಾದರೂ ದೂರವೆಷ್ಟು, ಸಮಯವೆಷ್ಟು ಎಂದು ಕೇಳಿದರೆ ನಾವು ಮೂರು ಅಂಕಿಗಳನ್ನು ಬರೆದುಕೊಡುತ್ತೇವೆ. ದೂರ 14,000 ಕಿಲೋಮೀಟರ್. ಆಸನದಲ್ಲಿ 16 ಗಂಟೆ. ಎರಡು ಗಂಟೆಗೊಮ್ಮೆ ಐದು ನಿಮಿಷದ ನಡಿಗೆ. ಮೊದಲ ಎರಡು ಅಂಕಿಗಳನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ, ಮೂರನೆಯದು ಪೂರ್ತಿ ನಮ್ಮ ಕೈಯಲ್ಲಿದೆ.